ಎರಡೇ ದಿನ, ಹನ್ನೆರಡೇ ಜನ

ಫೆಬ್ರುವರಿ 4

ಮಗಳೇ,

ಭಾನುವಾರದ ಫೋನು ಪುಟ್ಟಿಯದು, ಕಾಗದ ನಮ್ಮಿಬ್ಬರದು ಎಂದು ನೀನು ಹೊರಡುವಾಗ ಆದ ಒಪ್ಪಂದವನ್ನು ನಾನು ಮುರಿದಿಲ್ಲ. ಹೋದ ಭಾನುವಾರ ನಿನ್ನ ಮಗಳು ಮಾತು ಮುಗಿದ ಮೇಲೂ ಫೋನು ಕೆಳಗಿಡಲಿಲ್ಲ. ಅಮ್ಮ ಯಾವಾಗ ಕರೆದುಕೊಂಡು ಹೋಗುತ್ತಾಳೆ ಎಂದು ಕೇಳಿದಳು. ನಾನು ಎಂದಿನಂತೆ ಎರಡೇ ದಿನ ಕಣೇ ಎಂದೆ. ಆರು ವರ್ಷದವಳಿಗೆ ಎಣಿಸಲು ಬರುತ್ತದೆ ಎಂಬುದೇ ನನಗೆ ಮರೆತುಹೋಗುತ್ತದೆ. ಬೆರಳು ಮಡಿಚಿ ತೋರಿಸಿ, "ಅಜ್ಜಿ, ನಿನ್ನ ಎರಡು ದಿನ ತುಂಬಾ ಉದ್ದ" ಎಂದಳು.

ಈಗ ನನ್ನ ಸುದ್ದಿ. ನಿನ್ನ ಅಮ್ಮನಿಗೆ ಕೊಂಬು ಬಂದಿದೆ. ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಜಾಹೀರಾತಿನ ಸಾಲು ತಿದ್ದಿದವಳು ಈಗ ಸ್ವಂತ ಸಾಲು ಬರೆಯುತ್ತಿದ್ದೇನೆ. ಚಿತ್ರದ ಮೇಲೆ ಒಂದು ಮಾತು ಕೂರಿಸಿ ಕಳಿಸಿದರೆ ಅದಕ್ಕೆ ಮೀಮ್ ಎನ್ನುತ್ತಾರಂತೆ. ನಮ್ಮ ಕಟ್ಟಡದ ಗ್ರೂಪಿನಲ್ಲಿ ನನ್ನದೇ ರಾಜ್ಯ.

ನಮ್ಮ ಹಾಸಿಗೆ ಚಿತ್ರ ಗೊತ್ತಲ್ಲ. ನೀನು ಹೊಟ್ಟೆಯಲ್ಲಿದ್ದೆ. ಊರವರಿಗೆಲ್ಲ ಗಾದಿ ಹೊಲಿದುಕೊಟ್ಟು ತಾವು ಚಾಪೆಯ ಮೇಲೆ ಮಲಗುತ್ತಿದ್ದ ನಿಮ್ಮಪ್ಪ ಅವತ್ತು ಮೊದಲ ಬಾರಿಗೆ ನಮ್ಮ ಮನೆಗೆಂದು ಒಂದು ಹಾಸಿಗೆ ಹೊಲಿದು ತಲೆಯ ಮೇಲೆ ಹೊತ್ತು ತಂದರು. ಎದುರಿನ ಸ್ಟುಡಿಯೋದವನು ಬಾಗಿಲಿಗೆ ಬಂದು ಏನೋ ತಮಾಷೆ ಮಾಡಿ ಕ್ಲಿಕ್ ಎನಿಸಿದ. ಭಾರಕ್ಕೆ ಕಣ್ಣು ಮುಚ್ಚಿಹೋಗಿದೆ, ಬಾಯಿ ಮಾತ್ರ ಕಿವಿಯವರೆಗೆ ತೆರೆದಿದೆ. ಆ ಮುಖ ನೋಡಿದರೆ ಕಲ್ಲಿಗೂ ನಗು ಬರುತ್ತದೆ.

ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಯ ಭಾವಮೈದುನ ಎರಡು ದಿನಕ್ಕೆಂದು ಬಂದವನು ತಿಂಗಳಾದರೂ ಅಲುಗಾಡಲಿಲ್ಲ. ನಿಮ್ಮಪ್ಪ ಈ ಊರಿಗೆ ಬಂದ ಹೊಸತರಲ್ಲಿ ಗೆಳೆಯನ ಕೋಣೆಯ ಮುಂದೆ ನಿಂತು ಹೇಳಿದ ಮಾತನ್ನು ನಾವು ಇವತ್ತಿಗೂ ಆಡಿಕೊಳ್ಳುತ್ತೇವಲ್ಲ, ಅದನ್ನೇ ಚಿತ್ರದ ಕೆಳಗೆ ಹಾಕಿದೆ: "ಎರಡೇ ದಿನ ಇದ್ದು ಹೋಗ್ತೀನಿ." ಇಡೀ ಕಟ್ಟಡ ಬಿದ್ದು ಬಿದ್ದು ನಕ್ಕಿತು. ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರೂ ನಕ್ಕರು. ಟೀ ಅಂಗಡಿಯಲ್ಲಿ ಜನ ಗುರುತು ಹಿಡಿಯುತ್ತಾರೆಂದು ಬಾಚಣಿಗೆ ಹಿಡಿದು ಹೊರಡುತ್ತಾರೆ.

ಆಮೇಲೆ ಕಾರ್ಯದರ್ಶಿ, "ಅಜ್ಜಿ, ಮಹಡಿಯವರಿಗೂ ಒಂದು ಮಾಡಿ" ಎಂದ. ನಮ್ಮ ಮೇಲಿನ ಮನೆಗೆ ಟೈಲ್ಸ್ ಕೂರಿಸುವ ಕೆಲಸದವರು ಬಾಡಿಗೆಗೆ ಬಂದಿದ್ದಾರೆ. ಎಲ್ಲಿಯವರೋ, ಭಾಷೆ ಬೇರೆ. ಗಂಡ ಹೆಂಡತಿ ಎಂದು ಹೇಳಿ ಮನೆ ಹಿಡಿದರು, ಈಗ ಅಣ್ಣತಮ್ಮಂದಿರು, ಭಾವಂದಿರು ಸೇರಿ ಲೆಕ್ಕ ಸಿಗುವುದಿಲ್ಲ. ಬೆಳಿಗ್ಗೆ ನಾನು ನಲ್ಲಿ ತಿರುಗಿಸುವ ಹೊತ್ತಿಗೆ ಟ್ಯಾಂಕು ಖಾಲಿ. ನಾನು ನಿಮ್ಮಪ್ಪನ ಅದೇ ಚಿತ್ರವನ್ನು ಸಾಲಾಗಿ ಮೆಟ್ಟಿಲು ಹತ್ತಿಸಿದೆ, ಒಬ್ಬರ ಹಿಂದೆ ಒಬ್ಬರು. ಕೆಳಗೆ ಬರೆದೆ: "ಎರಡೇ ದಿನ, ಹನ್ನೆರಡೇ ಜನ."

ಇದು ಮೊದಲನೆಯದನ್ನೂ ಮೀರಿಸಿತು. ಪಕ್ಕದ ಬೀದಿಯವರೂ ಕೇಳಿ ಪಡೆದರು. ಎರಡನ್ನೂ ನಿನ್ನ ಫೋನಿಗೆ ಕಳಿಸಿದ್ದೇನೆ.

ಅಲ್ಲಿಯವರು ನಿನ್ನನ್ನು ಹೊರಗಿನವಳು ಎಂದು ಕೀಳಾಗಿ ನೋಡುವುದಿಲ್ಲ ತಾನೆ? ನೋಡಿದರೆ ಹೇಳು. ಅವರಿಗೂ ಒಂದು ಸಾಲು ಬರೆದು ಕಳಿಸುತ್ತೇನೆ, ಮತ್ತೆ ತಲೆ ಎತ್ತಬಾರದು.

ಜಂಭದ
ಅಮ್ಮ

ಫೆಬ್ರುವರಿ 20

ಅಮ್ಮಾ,

ಎರಡನೆಯ ಚಿತ್ರ ನೋಡಿ ನಗು ತಡೆಯಲಾಗದೆ ಕೆಲಸಕ್ಕೆ ಬಟ್ಟೆ ಬದಲಿಸುವ ಬೀರುಗಳ ಕೋಣೆಯಲ್ಲೇ ಕೂತುಬಿಟ್ಟೆ. ಅದು ನಮ್ಮ ಹಾಸ್ಟೆಲ್ಲಿನದೇ ಚಿತ್ರ. ಇಬ್ಬರಿಗೆಂದು ಕಟ್ಟಿದ ಕೋಣೆಯಲ್ಲಿ ನಾವು ಆರು ಜನ ಇದ್ದೇವೆ. ಒಬ್ಬಳು ಪಾಳಿ ಮುಗಿಸಿ ಬಂದರೆ ಇನ್ನೊಬ್ಬಳು ಎದ್ದು ಜಾಗ ಬಿಡಬೇಕು. ಹಾಸಿಗೆ ಆರುವುದೇ ಇಲ್ಲ.

ಊಟದ ಬಿಡುವಿನಲ್ಲಿ ಎಲ್ಲರಿಗೂ ತೋರಿಸಿದೆ. ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸು ಹೊದಿಕೆಗಳು ಬಂದು ಬೀಳುತ್ತಲೇ ಇರುತ್ತವೆ. ಇಬ್ಬಿಬ್ಬರು ಎದುರುಬದುರು ನಿಂತು ಮೂಲೆ ಹಿಡಿದು ಮಡಿಚಬೇಕು. ಮಾತಿಲ್ಲ ಕತೆಯಿಲ್ಲ, ಬಿಸಿ ಬಟ್ಟೆಯ ಹಬೆ ಮಾತ್ರ. ಅಂಥ ಕಡೆ ಅಪ್ಪ ಬಂದು ಎಲ್ಲರನ್ನೂ ನಗಿಸಿಬಿಟ್ಟ. ಯಾವ ದೇಶದಿಂದ ಬಂದವರಾದರೂ ಸರಿ, ಚಿತ್ರ ನೋಡಿದ ತಕ್ಷಣ ತಮ್ಮ ಎದೆ ಮುಟ್ಟಿ ತೋರಿಸಿಕೊಂಡು, ಇದು ನಾನೇ ಎಂದರು.

ಗಂಟೆಯಮ್ಮನ ಬಗ್ಗೆ ಬರೆದಿದ್ದೆನಲ್ಲ, ಪಾಳಿ ಬದಲಾಗುವಾಗ ಗಂಟೆ ಹೊಡೆಯುವ ನಮ್ಮ ಮೇಲ್ವಿಚಾರಕಿ. ಈ ಊರಿನವಳೇ, ಒಳ್ಳೆಯವಳು. ಅವಳಿಗೂ ಅರ್ಥವಾಗಲಿ ಎಂದು ನಿನ್ನ ಸಾಲನ್ನು ಅವರ ಭಾಷೆಯಲ್ಲಿ ನಾನೇ ಚಿತ್ರದ ಮೇಲೆ ಬರೆದುಕೊಟ್ಟೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. ಮನೆಯವರಿಗೆ ತೋರಿಸುತ್ತೇನೆ, ಕಳಿಸು ಎಂದಳು. ಕಳಿಸಿದೆ. ನಿನಗೆ ಇಲ್ಲಿಯೂ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ ಎಂದು ತಿಳಿದುಕೋ.

ಇನ್ನು ದೊಡ್ಡ ಸುದ್ದಿ. ಕೂತುಕೊಂಡು ಓದು. ಈ ಊರಿನಲ್ಲಿ ಒಂದು ಹಳೆಯ ಶಾಲೆಯ ಕಟ್ಟಡ ಖಾಲಿ ಬಿದ್ದಿದೆ. ಅದನ್ನು ಸರಿಮಾಡಿ, ನಮ್ಮಂತೆ ಹೊರಗಿನಿಂದ ಬಂದು ಕೆಲಸ ಮಾಡುವವರು ಮಕ್ಕಳನ್ನು ಕರೆಸಿಕೊಂಡು ಇರಲು ಮನೆಗಳನ್ನಾಗಿ ಮಾಡಬೇಕೆಂದು ಆಸ್ಪತ್ರೆಯವರು ಕೇಳಿದ್ದಾರೆ. ಇರಲು ಮನೆಯಿದೆ ಎಂದು ತೋರಿಸಿದರೆ ಮಗುವಿಗೆ ಪರವಾನಗಿ ಕೊಡುತ್ತಾರೆ. ಮೇ ತಿಂಗಳಲ್ಲಿ ಊರಿನವರು ಮತ ಹಾಕಿ ತೀರ್ಮಾನಿಸುತ್ತಾರೆ. ನಮಗೆ ಮತವಿಲ್ಲ, ಆದರೆ ಅದಕ್ಕೆ ಮೊದಲು ನಡೆಯುವ ಸಭೆಯಲ್ಲಿ ಮಾತಾಡಬಹುದು. ನಾನು ಮಾತಾಡುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ. ಸಲೀಸಾಗಿ ಆಗಿಬಿಡುತ್ತದೆ, ಯಾರಿಗೂ ಬೇಡವಾದ ಕಟ್ಟಡ ಅದು ಎನ್ನುತ್ತಾಳೆ ಗಂಟೆಯಮ್ಮ.

ಪುಟ್ಟಿಗೆ ಈಗಲೇ ಹೇಳಬೇಡ. ಆದರೆ ಈ ಸಲದ ಎರಡು ದಿನ ನಿಜವಾದ ಎರಡು ದಿನದ ಹಾಗೆ ಕಾಣುತ್ತಿದೆ ಅಮ್ಮ.

ನಿನ್ನ ಮಗಳು

ಮಾರ್ಚ್ 9

ಮಗಳೇ,

ಪುಟ್ಟಿಗೆ ಹೇಳಬೇಡ ಎಂದು ನೀನು ಬರೆದಿದ್ದೆ. ನಾನು ನಿಮ್ಮಪ್ಪನಿಗೆ ಹೇಳಿದೆ, ಅವರು ಪುಟ್ಟಿಗೆ ಹೇಳಿದರು. ಬೈಯಬೇಡ. ನಿನ್ನ ಕಾಗದ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಅಳತೆಪಟ್ಟಿ ತಂದು ಅವಳನ್ನು ಅಳೆದರೆ ಆ ಮಗು ಸುಮ್ಮನಿರುತ್ತದೆಯೇ? ಅವಳಿಗೆ ಅಲ್ಲಿ ಮಲಗಲು ಒಂದು ಹಾಸಿಗೆ ಹೊಲಿಯುತ್ತಿದ್ದಾರೆ. ವಿಮಾನದಲ್ಲಿ ಹಾಸಿಗೆ ಒಯ್ಯಲು ಬಿಡುವುದಿಲ್ಲ ಎಂದೆ. ಸುರುಳಿ ಸುತ್ತಿದರೆ ತಲೆದಿಂಬಿನಷ್ಟು ಆಗುವ ಹಾಗೆ ಹೊಲಿಯುತ್ತೇನೆ ಎಂದರು. ಗಾದಿ ಅಂಗಡಿ ಮುಚ್ಚಿದ ಮೇಲೆ ಅವರ ಕೈಗೆ ದಬ್ಬಣ ಬಂದದ್ದು ಇದೇ ಮೊದಲು. ಹೊಸ ಅರಳೆ ತರಿಸಿ ತಾವೇ ಕೂತು ಎಳೆಎಳೆಯಾಗಿ ಬಿಡಿಸುತ್ತಾರೆ. ಮನೆಯೆಲ್ಲ ಹತ್ತಿ. ನನ್ನ ಮೂಗಿನೊಳಗೂ ಹತ್ತಿ.

ನನ್ನ ಕಾರ್ಖಾನೆಯೂ ಜೋರಾಗಿಯೇ ನಡೆದಿದೆ. ಹನ್ನೆರಡು ಜನ ಒಂದು ಸೈಕಲ್ಲಿನ ಮೇಲೆ, ಹನ್ನೆರಡು ಜನ ಒಂದು ಬಕೆಟ್ಟಿನೊಳಗೆ, ಹೀಗೆ. ಮೊದಮೊದಲು ನಾನು ಮಾಡುತ್ತಿದ್ದೆ, ಈಗ ಬೇರೆಯವರೇ ಮಾಡಿ ಕಳಿಸುತ್ತಾರೆ. ಎಲ್ಲದರಲ್ಲೂ ನಿಮ್ಮಪ್ಪನೇ.

ಒಂದು ವಿಚಿತ್ರ ನಡೆಯಿತು. ಮೊನ್ನೆ ಮಹಡಿಯ ಹೆಂಗಸು ಬಟ್ಟೆ ಒಣಹಾಕುವಾಗ ನನ್ನನ್ನು ಕರೆದು ತನ್ನ ಫೋನು ತೋರಿಸಿದಳು. ಅದರಲ್ಲಿ ನನ್ನ ಚಿತ್ರ, ಮೆಟ್ಟಿಲು ಹತ್ತುತ್ತಿರುವ ಹನ್ನೆರಡು ಹಾಸಿಗೆ. ಜಗಳಕ್ಕೇ ಕರೆದಳು ಎಂದುಕೊಂಡೆ. ಆದರೆ ಅವಳಿಗೆ ನಮ್ಮ ಅಕ್ಷರ ಬರುವುದಿಲ್ಲ. ನಮ್ಮ ಮನೆಯ ಬಾಗಿಲ ಕಡೆ ಬೆರಳು ತೋರಿಸಿ, ಇವರು ನಿಮ್ಮ ಯಜಮಾನರಲ್ಲವೇ ಎಂದು ಕಣ್ಣಲ್ಲೇ ಕೇಳಿ, ಖುಷಿಯಿಂದ ನಕ್ಕಳು. ದೊಡ್ಡ ಮನುಷ್ಯರ ಪಕ್ಕದಲ್ಲಿದ್ದೇನೆ ಎಂಬ ಹಾಗೆ. ನಾನೂ ನಕ್ಕು ಒಳಗೆ ಬಂದೆ. ಅವತ್ತು ಊಟ ಸೇರಲಿಲ್ಲ, ಸೆಖೆ ಜಾಸ್ತಿ ಇತ್ತು.

ಅವರ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದೊಡ್ಡದಾಗಿ 12 ಎಂದು ಬರೆದಿದ್ದಾರೆ. ನಾನಲ್ಲ.

ಸಭೆಯಲ್ಲಿ ಏನು ಮಾತಾಡುತ್ತೀ ಎಂದು ಮೊದಲೇ ಬರೆದು ಕಳಿಸು. ತಿದ್ದಿ ಕೊಡುತ್ತೇನೆ. ಚಿಕ್ಕ ಸಾಲುಗಳೇ ಇರಲಿ.

ಅಮ್ಮ

ಏಪ್ರಿಲ್ 2

ಅಮ್ಮಾ,

ಇದನ್ನು ಫೋನಿನಲ್ಲೇ ಹೇಳಬೇಕಿತ್ತು. ಪುಟ್ಟಿ ಪಕ್ಕದಲ್ಲಿರುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದೆ. ನಿಲ್ದಾಣದ ಗಾಜಿನ ಗೋಡೆಯ ಮೇಲೆ ಅಪ್ಪ ಇದ್ದ. ನನಗಿಂತ ಎತ್ತರವಾಗಿ. ಹಾಸಿಗೆ ಹೊತ್ತು, ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು. ಹಲ್ಲುಗಳನ್ನು ಯಾರೋ ತಿದ್ದಿ ಚೂಪು ಮಾಡಿದ್ದರು. ಹಿಂದೆ ಅವನದೇ ಮುಖಗಳ ಸಾಲು ದಿಗಂತದವರೆಗೆ. ನಾನು ಬರೆದುಕೊಟ್ಟ ಸಾಲು, ನಾನು ಬರೆದುಕೊಟ್ಟ ಪದಗಳಲ್ಲೇ: ಎರಡೇ ದಿನ, ಹನ್ನೆರಡೇ ಜನ. ಅದರ ಕೆಳಗೆ, ಶಾಲೆಯಲ್ಲಿ ನಮಗೆ ಮನೆ ಬೇಡ ಎನ್ನುವವರು ಸೇರಿಸಿದ್ದು: ಇವತ್ತು ಶಾಲೆ, ನಾಳೆ ನಿಮ್ಮ ಮನೆ.

ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿ ನನ್ನ ಮುಖ ನೋಡಿ, ಚಿತ್ರ ನೋಡಿ, ತನ್ನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

ಗಂಟೆಯಮ್ಮನನ್ನು ಕೇಳಿದೆ. ಅವಳು ಅಕ್ಕನ ಗಂಡನಿಗೆ ಕಳಿಸಿದ್ದಳಂತೆ, ತಮಾಷೆಗೆ. ಅವನು ಊರಿನ ಯಾವುದೋ ಪುಟದಲ್ಲಿ ಹಾಕಿದನಂತೆ, ಅವನೂ ತಮಾಷೆಗೆ. ಅಲ್ಲಿಂದ ಯಾರು ಯಾರು ಎತ್ತಿಕೊಂಡರೋ ಅವಳಿಗೆ ಗೊತ್ತಿಲ್ಲ. ಪಾಪ, ಅವಳ ಮುಖವೂ ಬಿಳಿಚಿಕೊಂಡಿತ್ತು. "ಅದು ಬರೀ ಚಿತ್ರ ಕಣೇ, ಮನಸಿಗೆ ಹಚ್ಕೋಬೇಡ" ಎಂದಳು. ಚಿತ್ರದಲ್ಲಿರುವವರು ನನ್ನ ಅಪ್ಪ ಎಂದು ಅವಳಿಗೆ ನಾನು ಮೊದಲೇ ಹೇಳಿದ್ದೆ ಅಮ್ಮ. ಅವಳಿಗೆ ಗೊತ್ತಿತ್ತು.

ಮೊದಲು ಶಾಲೆಯ ಕಟ್ಟಡದ ಬಗ್ಗೆ ಜನ ಬೇರೆ ಮಾತಾಡುತ್ತಿದ್ದರು. ಚಾವಣಿ ಸೋರುತ್ತದೆ, ರಿಪೇರಿ ಯಾರು ಮಾಡಿಸುತ್ತಾರೆ, ಮಕ್ಕಳಿಗೆ ತರಗತಿಯಲ್ಲಿ ಜಾಗ ಇದೆಯೇ, ಹೀಗೆ. ಬೇಡ ಎನ್ನುವವರ ಮಾತಿಗೂ ಉತ್ತರ ಕೊಡಬಹುದಿತ್ತು. ಈಗ ಯಾರೂ ಚಾವಣಿಯ ಮಾತು ಎತ್ತುವುದಿಲ್ಲ. ಅಂಗಡಿಯಲ್ಲಿ ಒಬ್ಬ ತಲೆಯ ಮೇಲೆ ಚೀಲ ಇಟ್ಟುಕೊಂಡು ಬಾಯಿ ಅಗಲಿಸಿ ತೋರಿಸುತ್ತಾನೆ, ಎಲ್ಲರೂ ನಗುತ್ತಾರೆ, ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ನಗುವಿಗೆ ಏನು ಉತ್ತರ ಕೊಡುವುದು?

ನಮ್ಮ ಪರವಾಗಿ ಇರುವವರೂ ಸುಮ್ಮನಿಲ್ಲ. ಅವರು ಅದೇ ಚಿತ್ರಕ್ಕೆ ತಲೆಯ ಸುತ್ತ ಬೆಳಕು ಬರೆದು, ಈ ಮಹಾತ್ಮ ನಿಮ್ಮ ಊರು ಕಟ್ಟಿದ ಎಂದು ಹಾಕಿದ್ದಾರೆ. ಅಪ್ಪ ಈ ಊರನ್ನು ಕನಸಲ್ಲೂ ನೋಡಿಲ್ಲ. ಇವರು ನನ್ನ ತಂದೆ, ಅದು ನಮ್ಮ ಮನೆಯ ಹಾಸಿಗೆ ಎಂದು ಅವರಿಗೆ ಹೇಳಲು ಹೋದೆ. ಅವರಲ್ಲೊಬ್ಬ ಹುಡುಗಿ ಕಣ್ಣರಳಿಸಿ, ನನ್ನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡಳು.

ಇನ್ನು ಒಂದೂ ಮಾಡಬೇಡ ಅಮ್ಮ. ಅಪ್ಪನಿಗೆ ಹೇಳಬೇಡ.

ಮಗಳು

ಏಪ್ರಿಲ್ 17

ಮಗಳೇ,

ನಿನ್ನ ಕಾಗದವನ್ನು ನಿಂತೇ ಓದಿದೆ. ಓದಿ ಮುಗಿದ ಮೇಲೂ ಕೂರಬೇಕೆಂದು ತೋಚಲಿಲ್ಲ. ಪುಟ್ಟಿ ಬಂದು ಅಜ್ಜಿ ಹಾಲು ಉಕ್ಕುತ್ತಿದೆ ಎಂದಳು. ಉಕ್ಕಲಿ ಬಿಡು ಎಂದೆನಂತೆ.

ಚೂಪು ಹಲ್ಲು ಎಂದು ಬರೆದಿದ್ದೀ. ನಿಮ್ಮಪ್ಪನ ಮುಂದಿನ ಹಲ್ಲು ನೀನು ಹುಟ್ಟುವ ಮೊದಲಿನಿಂದ ಮುರಿದಿದೆ, ದಬ್ಬಣದ ದಾರ ಕಚ್ಚಿ ಕಚ್ಚಿ. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಯಾರು ಕೂತುಕೊಂಡು ಅದನ್ನು ತುಂಬಿ ಚೂಪು ಮಾಡಿರಬಹುದು? ಎಷ್ಟು ಹೊತ್ತು ಹಿಡಿದಿರಬಹುದು? ನನಗೆ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ.

ನಾನು ಗ್ರೂಪಿನಲ್ಲಿ ಬರೆದೆ. ಇವರು ನನ್ನ ಗಂಡ, ಆ ಚಿತ್ರದಲ್ಲಿ ಅವರು ಯಾರ ಮನೆಗೂ ಬಿಟ್ಟಿ ಇರಲು ಹೋಗುತ್ತಿರಲಿಲ್ಲ, ನಮ್ಮ ಮನೆಗೆ ನಮ್ಮ ಹಾಸಿಗೆ ತರುತ್ತಿದ್ದರು, ದಯವಿಟ್ಟು ಎಲ್ಲರೂ ಆ ಚಿತ್ರ ಅಳಿಸಿಬಿಡಿ ಎಂದೆ. ಬಂದ ಉತ್ತರವೆಲ್ಲ ನಗುವ ಮುಖಗಳು. ಅಜ್ಜಿ ಹೊಸ ಜೋಕು ಬಿಟ್ಟಿದ್ದಾರೆ ಎಂದುಕೊಂಡರು. ಸಂಜೆಯೊಳಗೆ ಅದೂ ಚಿತ್ರವಾಯಿತು. ನಿಮ್ಮಪ್ಪನ ಮುಖ, ಕೆಳಗೆ ನನ್ನದೇ ಮಾತು: "ನಮ್ಮ ಮನೆಗೆ ನಮ್ಮ ಹಾಸಿಗೆ." ಯಾವುದೋ ಊರಲ್ಲಿ ಯಾರೋ ಜಾಗ ಒತ್ತುವರಿ ಮಾಡಿದ್ದಕ್ಕೆ ಅದನ್ನು ಹಾಕಿದ್ದಾರೆ. ಮೆಟ್ಟಿಲಲ್ಲಿ ಸಿಕ್ಕಿದ ಕಾರ್ಯದರ್ಶಿಯನ್ನು ತಡೆದು ಕೇಳಿದೆ. "ಅಜ್ಜಿ, ನೀವೇ ಹಿಂಗೆ ಸೀರಿಯಸ್ ಆದ್ರೆ ಹೆಂಗೆ?" ಎಂದು ನಕ್ಕು ಮುಂದೆ ಹೋದ.

ನಿನಗೆ ಒಂದು ಮಾತು ಹೇಳಬೇಕು. ನಾನು ಬರೆದದ್ದು ಮಹಡಿಯವರ ಬಗ್ಗೆ, ನೀರಿನ ತೊಂದರೆಯ ಬಗ್ಗೆ. ನಿನ್ನ ಬಗ್ಗೆ ಅಲ್ಲ. ನೀನು ಬೇರೆ, ಅವರು ಬೇರೆ. ನೀನು ಆಸ್ಪತ್ರೆಯ ಕೆಲಸಕ್ಕೆ ಹೋದವಳು.

ಪುಟ್ಟಿಯ ಹಾಸಿಗೆ ಮುಗಿಯುತ್ತಾ ಬಂತು. ಅಂಚಿಗೆ ನೀಲಿ ದಾರ ಹಾಕುತ್ತಿದ್ದಾರೆ. ಟೀ ಅಂಗಡಿಗೆ ಈಗಲೂ ಬಾಚಣಿಗೆ ಹಿಡಿದೇ ಹೋಗುತ್ತಾರೆ. ನಾನು ಅವರಿಗೆ ಏನೂ ಓದಿ ಹೇಳುತ್ತಿಲ್ಲ.

ಅಮ್ಮ

ಮೇ 6

ಅಮ್ಮಾ,

ನಾನು ಬೇರೆ, ಅವರು ಬೇರೆ ಎಂದು ಬರೆದೆಯಲ್ಲ. ನಮ್ಮ ಕೋಣೆ ಮೂರನೆಯ ಮಹಡಿಯಲ್ಲಿದೆ ಅಮ್ಮ. ಕೆಳಗಿನವರು ನೀರಿನ ಬಗ್ಗೆ ನಮ್ಮ ಮೇಲೆಯೂ ದೂರು ಕೊಟ್ಟಿದ್ದಾರೆ. ಸ್ನಾನಕ್ಕೆ ಆರು ಜನ ಇದ್ದರೆ ಆರು ಜನರ ನೀರು ಬೇಕಲ್ಲ.

ಸಭೆ ನಿನ್ನೆ ನಡೆಯಿತು. ಅವರ ಭಾಷೆಯಲ್ಲಿ ನಾಲ್ಕು ಮಾತು ಬಾಯಿಪಾಠ ಮಾಡಿದ್ದೆ. ಬಟ್ಟೆ ಮಡಿಚುವಾಗ ಗಂಟೆಯಮ್ಮ ಎದುರಿಗೆ ನಿಂತು ಉಚ್ಚಾರ ತಿದ್ದುತ್ತಿದ್ದಳು. ಒಂದೊಂದು ಹಾಸಿಗೂ ಒಂದೊಂದು ಮಾತು. ಚಿಕ್ಕ ಸಾಲುಗಳು, ನೀನು ಹೇಳಿದ ಹಾಗೆ. ನನಗೆ ಒಬ್ಬ ಮಗಳಿದ್ದಾಳೆ. ಅವಳಿಗೆ ಆರು ವರ್ಷ. ನಿಮ್ಮ ಆಸ್ಪತ್ರೆಯ ಹಾಸುಗಳನ್ನು ನಾನು ಒಗೆಯುತ್ತೇನೆ. ನನ್ನ ಮಗಳನ್ನು ನನ್ನ ಪಕ್ಕದಲ್ಲಿ ಮಲಗಿಸಿಕೊಳ್ಳಲು ನನಗೊಂದು ಕೋಣೆ ಬೇಕು.

ಹಾಲ್ ತುಂಬಿತ್ತು. ನನ್ನ ಸರದಿ ಬಂತು, ಎದ್ದು ನಿಂತೆ. ನನಗೆ ಒಬ್ಬ ಮಗಳಿದ್ದಾಳೆ ಎಂದೆ. ಹಿಂದಿನಿಂದ ಒಂದು ಗಂಡು ದನಿ, ಏನೂ ಕೋಪವಿಲ್ಲದೆ, ಸಲಿಗೆಯಿಂದ ಕೇಳಿತು: "ಎರಡೇ ದಿನಕ್ಕಾ?"

ಇಡೀ ಹಾಲ್ ನಕ್ಕಿತು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಸುತ್ತಿಗೆ ಕುಟ್ಟುತ್ತಾ ತಾವೂ ನಕ್ಕರು. ಗಂಟೆಯಮ್ಮನ ಕಡೆ ನೋಡಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಹೆಗಲು ಕುಲುಕುತ್ತಿತ್ತು. ಅವರು ನಕ್ಕದ್ದನ್ನು ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಅಮ್ಮ, ನಾನೂ ನಕ್ಕೆ. ಹುಟ್ಟಿದಾಗಿನಿಂದ ಆ ಮಾತು ಕಿವಿಗೆ ಬಿದ್ದರೆ ನಕ್ಕು ಅಭ್ಯಾಸ. ನಮ್ಮ ಮನೆಯ ಮಾತು ಅದು. ಬಾಯಿ ತಾನಾಗಿಯೇ ಅಗಲವಾಯಿತು. ಆಮೇಲೆ ಉಳಿದ ಮೂರು ಮಾತು ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದೇ ಒಂದು ಪದ ಕೂಡ. ಕೂತುಬಿಟ್ಟೆ.

ಯಾರೋ ಅದನ್ನು ವಿಡಿಯೋ ಮಾಡಿದ್ದಾರೆ. ಅದರಲ್ಲಿ ನನ್ನ ಮುಖ ಅಪ್ಪನ ಮುಖದ ಹಾಗೆಯೇ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಹಾಕಿದ್ದಾರೆ. ನಾವು ಅಪ್ಪ ಮಗಳು ಎಂದು ಅವರಿಗೆ ಈಗಲೂ ಗೊತ್ತಿಲ್ಲ. ಇವರೆಲ್ಲ ಒಂದೇ ಥರ ಇರುತ್ತಾರೆ ಎಂದು ಬರೆದಿದ್ದಾರೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಹಾಸ್ಟೆಲ್ಲಿನ ಗೇಟು ತೆರೆಯಲಾಗಲಿಲ್ಲ. ಹೊರಗಿನಿಂದ ಹಾಸಿಗೆಗಳನ್ನು ತಂದು ಒಟ್ಟಿದ್ದರು. ಸುರುಳಿ ಸುತ್ತಿದ ಹಳೆಯ ಹಾಸಿಗೆಗಳು, ಗೇಟಿನಷ್ಟು ಎತ್ತರಕ್ಕೆ. ಕೆಲವು ಮಕ್ಕಳವು, ಒದ್ದೆ ಕಲೆ ಇದ್ದವು. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ನಿನ್ನ ಸಾಲು, ನನ್ನ ಅನುವಾದ. ನಾವು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಹಾಕಿ ದಾರಿ ಮಾಡಿಕೊಂಡೆವು. ಎತ್ತಲು ತಲೆಯ ಮೇಲೆ ಇಟ್ಟುಕೊಳ್ಳದೆ ಬೇರೆ ದಾರಿಯಿಲ್ಲ. ರಸ್ತೆಯ ಆಚೆ ಫೋನು ಹಿಡಿದು ನಿಂತಿದ್ದರು. ಅವರಿಗೆ ಬೇಕಾಗಿದ್ದುದೂ ಅದೇ.

ಮಗಳು

ಮೇ 14

ಅಮ್ಮಾ,

ಬಿದ್ದುಹೋಯಿತು. ಬೇಡ ಎಂದವರೇ ಹೆಚ್ಚು, ಅದೂ ಬಹಳ ಹೆಚ್ಚು. ಇನ್ನು ಮೂರು ವರ್ಷ ಅದೇ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲವಂತೆ. ಗಂಟೆಯಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು. ತಾನು ಬೇಕು ಎಂದೇ ಹಾಕಿದೆ ಎಂದಳು. ಇದ್ದರೂ ಇರಬಹುದು.

ಭಾನುವಾರ ಫೋನು ಮಾಡುವುದಿಲ್ಲ. ಪುಟ್ಟಿಗೆ ಏನು ಹೇಳಬೇಕೆಂದು ಗೊತ್ತಾಗುತ್ತಿಲ್ಲ. ನೀನು ಏನಾದರೂ ಹೇಳು, ನಿನಗೆ ಮಾತು ಬರುತ್ತದೆ.

ಮಗಳು

ಜೂನ್ 1

ಮಗಳೇ,

ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲಿಲ್ಲ. ಪೆನ್ನು ಹಿಡಿದು ಕೂತರೆ ಚಿಕ್ಕ ಚಿಕ್ಕ ಸಾಲುಗಳೇ ಬರುತ್ತವೆ. ಒಂದೊಂದನ್ನು ನೋಡಿದರೂ ಹೆದರಿಕೆಯಾಗುತ್ತದೆ. ಇವತ್ತು ಉದ್ದಕ್ಕೆ ಬರೆಯುತ್ತೇನೆ.

ಮಹಡಿಯವರನ್ನು ಬಿಡಿಸಿದರು. ಕಟ್ಟಡದವರೆಲ್ಲ ಸೇರಿ ಸಭೆ ಮಾಡಿದರಂತೆ. ನನ್ನನ್ನು ಕರೆಯಲಿಲ್ಲ. ಮಾಲೀಕನನ್ನು ಕೂರಿಸಿಕೊಂಡು ನನ್ನ ಚಿತ್ರವನ್ನೇ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರಂತೆ. ಅವನು ನಕ್ಕು, ಸರಿ ಬಿಡಿ, ತಿಂಗಳ ಕೊನೆಗೆ ಖಾಲಿ ಮಾಡಿಸುತ್ತೇನೆ ಎಂದನಂತೆ. ಟ್ಯಾಂಕಿನ ಪೈಪು ಒಡೆದಿರುವುದು ಅವರು ಹೋಗುವ ಹಿಂದಿನ ವಾರ ಗೊತ್ತಾಯಿತು. ನೀರು ಗೋಡೆಯೊಳಗೆ ಸೋರಿ ಹೋಗುತ್ತಿತ್ತು. ಅದನ್ನು ಹುಡುಕಿ ಸರಿಮಾಡಿದವರೂ ಅವರೇ. ಆದರೂ ತೀರ್ಮಾನ ಬದಲಾಗಲಿಲ್ಲ. ಅಲ್ಲಿ ಇದ್ದವರು ಹನ್ನೆರಡು ಜನ ಅಲ್ಲ ಮಗಳೇ, ಏಳು ಜನ. ಹನ್ನೆರಡು ಎಂದರೆ ಸಾಲು ಚೆನ್ನಾಗಿ ಕೂರುತ್ತದೆ ಎಂದು ನಾನು ಹಾಕಿದ್ದೆ.

ನಿನ್ನೆ ಅವರು ಸಾಮಾನು ಇಳಿಸುತ್ತಿದ್ದರು. ಗಂಡಸರು ಭಾರದ ಪೆಟ್ಟಿಗೆಗಳನ್ನು ಹೊತ್ತಿದ್ದರು, ಆ ಹೆಂಗಸು ಹಾಸಿಗೆಯೊಂದನ್ನು ಮೆಟ್ಟಿಲಲ್ಲಿ ಎಳೆದುಕೊಂಡು ಬರುತ್ತಿದ್ದಳು. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಾಸಿಗೆಯನ್ನು ಎಳೆದರೆ ಅವರಿಗೆ ತಡೆಯುವುದಿಲ್ಲ, ಹೊಲಿಗೆ ಬಿಟ್ಟುಹೋಗುತ್ತದೆ ಎಂದು ಸಂಕಟ. ಹೋಗಿ ಅವಳ ಕೈಯಿಂದ ತೆಗೆದುಕೊಂಡು ಮಡಿಚಿ ತಲೆಯ ಮೇಲೆ ಇಟ್ಟುಕೊಂಡರು. ಈ ವಯಸ್ಸಿನಲ್ಲಿ ಬೇಡ ಎಂದೆ, ಕೇಳಿಸಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು ನಿಧಾನವಾಗಿ ಇಳಿದರು. ಕೆಳಗೆ ಕಾರ್ಯದರ್ಶಿ ಮತ್ತು ನಾಲ್ಕು ಜನ ನಿಂತಿದ್ದರು. ಯಾರೂ ಕೈ ಕೊಡಲಿಲ್ಲ. ಒಬ್ಬ ಫೋನು ತೆಗೆದ.

ಗಾಡಿ ಹೊರಡುವಾಗ ಆ ಹೆಂಗಸು ನಿಮ್ಮಪ್ಪನಿಗೆ ಕೈಮುಗಿದಳು. ನನಗೂ ಮುಗಿದಳು. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದೆ.

ನಾವು ಮೇಲೆ ಹತ್ತಿ ಬರುವಷ್ಟರಲ್ಲಿ ಫೋನು ಸದ್ದು ಮಾಡಿತು. ಪುಟ್ಟಿ ಹಿಡಿದುಕೊಂಡು ಓಡಿಬಂದಳು. ತಾತ, ನೀನು ಮತ್ತೆ ಫೋನಲ್ಲಿ ಬಂದಿದ್ದೀಯ ಎಂದಳು. ನಿಮ್ಮಪ್ಪ ಉಸಿರು ಸುಧಾರಿಸಿಕೊಂಡು, ಕನ್ನಡಕ ಹಾಕಿಕೊಂಡು ನೋಡಿದರು. ಅದೇ ಮುಖ, ಅದೇ ಕತ್ತು, ತಲೆಯ ಮೇಲೆ ಹಾಸಿಗೆ. ಬಹಳ ಹೊತ್ತು ನೋಡಿದರು.

"ಈ ಸಲ ನಾನು ನಗ್ತಾ ಇಲ್ಲ" ಎಂದರು. ಆಮೇಲೆ, "ಕೆಳಗೇನು ಬರ್ದಿದ್ದಾರೆ, ಓದು" ಎಂದರು.

ಮದುವೆಯಾದಾಗಿನಿಂದ ಅವರಿಗೆ ಬಂದದ್ದನ್ನೆಲ್ಲ ನಾನೇ ಓದಿ ಹೇಳಿದ್ದೇನೆ. ಬೇಡವಾದ ಕಡೆ ಬೇರೆ ಮಾತು ಸೇರಿಸಿ ದಾಟಿಸಿದ್ದೂ ಇದೆ. ನಿನ್ನೆಯೂ ಹಾಗೆ ಮಾಡಬಹುದಿತ್ತು. ಆದರೆ ಪುಟ್ಟಿ ಪಕ್ಕದಲ್ಲಿದ್ದಳು, ಅವಳಿಗೆ ಈಗ ಓದಲು ಬರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಓದಿದೆ. "ಎರಡು ದಿನ ಮುಗೀತು."

"ಯಾರು ಬರ್ದಿದ್ದು?"

"ಎರಡು ದಿನ ಅನ್ನೋದು ನಂದು. ಮುಗೀತು ಅನ್ನೋದು ಅವರದು."

ಆಮೇಲೆ ಎಲ್ಲವನ್ನೂ ಹೇಳಿದೆ. ಬಸ್ ನಿಲ್ದಾಣ, ಹಲ್ಲು, ಸಭೆ, ಗೇಟಿನ ಮುಂದಿನ ಹಾಸಿಗೆಗಳು, ಮೂರು ವರ್ಷ. ನಿನ್ನ ಕಾಗದಗಳನ್ನು ಒಂದೊಂದಾಗಿ ಓದಿದೆ. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಟೀ ಅಂಗಡಿಗೆ ಹೊರಡುವ ಹೊತ್ತಾದರೂ ಎದ್ದು ಬಾಚಣಿಗೆ ಹುಡುಕಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಪುಟ್ಟಿಯ ಹಾಸಿಗೆಯನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಾರೆ. ಕಾಲಿನ ಕಡೆಯ ಅಂಚಿನ ನೀಲಿ ದಾರವನ್ನು ಬಿಚ್ಚುತ್ತಿದ್ದರು. ಮುಗಿದ ಹಾಸಿಗೆಗೆ ಯಾಕೆ ಕೈ ಹಾಕಿದಿರಿ ಎಂದು ಕೇಳಿದೆ. ಬಾಯಲ್ಲಿ ದಾರ ಕಚ್ಚಿಕೊಂಡಿದ್ದರು, ತೆಗೆದು ಹೇಳಿದರು.

"ಉದ್ದ ಸಾಲದು. ಮೂರು ವರ್ಷದಲ್ಲಿ ಬೆಳೀತಾಳಲ್ಲ."

ನಾನು ಪಕ್ಕದಲ್ಲಿ ಕೂತು ಹತ್ತಿ ಬಿಡಿಸಿ ಕೊಡುತ್ತಿದ್ದೇನೆ.

ಅಮ್ಮ